ಪದ ಬೇಕಾಗಿದೆ: ಮನೆತನದ ಹಿಂದಿನವರನ್ನು ದಾಖಲೆಗಳಲ್ಲಿ ಹುಡುಕುವುದಕ್ಕೆ ಏನೆನ್ನಬೇಕು?

ಪ್ರಶ್ನೆ (ಸಾಗರದಿಂದ)

ಮಾನ್ಯರೆ,

ತಮ್ಮ ಮನೆತನದ ಹಿಂದಿನವರು ಯಾರು, ಯಾವ ಊರಿನಿಂದ ಬಂದವರು ಎಂಬುದನ್ನು ಸ್ಥಳೀಯ ದಾಖಲೆಗಳಿಂದ ತಿಳಿಯಬಯಸುವವರಿಗೆ ನಮ್ಮ ವಾಚನಾಲಯದಲ್ಲಿ ವಾರಕ್ಕೊಮ್ಮೆ ನೆರವು ನೀಡುವ ಏರ್ಪಾಡಾಗಿದೆ. ಅದರ ಫಲಕಕ್ಕೂ ಹಂಚಲಿರುವ ಕರಪತ್ರಕ್ಕೂ ಒಂದು ಹೆಸರು ಬೇಕು. ಫಲಕ ಬರೆಯುವವರು ಶನಿವಾರ ಬರುತ್ತಾರೆ. ‘ವಂಶವೃಕ್ಷ’ ಎಂದು ಬರೆಯೋಣವೆಂದರೆ ಇಂದು ಆ ಮಾತು ಕೇಳಿದ ಕೂಡಲೇ ಜನರಿಗೆ ನೆನಪಾಗುವುದು ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿಯಲ್ಲಿ ಪಡೆಯುವ ದೃಢೀಕರಣ ಪತ್ರ. ನಾವು ಕೊಡುವುದು ಪತ್ರವನ್ನಲ್ಲ, ಹುಡುಕುವ ದಾರಿಯನ್ನು. ‘ಜೀನಿಯಾಲಜಿ’ ಎಂಬುದನ್ನು ಹಾಗೆಯೇ ಬರೆಯಲು ಮನಸ್ಸಿಲ್ಲ. ತಾವು ದಯವಿಟ್ಟು ಸೂಚಿಸಬೇಕು.

ಉತ್ತರ (ತೀರ್ಥಹಳ್ಳಿಯಿಂದ)

‘ವಂಶಾವಳಿ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ. ಸಂಸ್ಕೃತದಲ್ಲಿ ವಂಶ ಎಂದರೆ ಮೊದಲಿಗೆ ಬಿದಿರು. ಗೆಣ್ಣಿನ ಮೇಲೆ ಗೆಣ್ಣಾಗಿ ಬೆಳೆಯುವುದರಿಂದ ತಲೆಮಾರುಗಳ ಸಾಲಿಗೂ ಅದೇ ಹೆಸರು ಬಂತು. ಬಿದಿರು ಮರವಲ್ಲ, ಹುಲ್ಲಿನ ಜಾತಿಯದು. ಆದ್ದರಿಂದ ‘ವಂಶವೃಕ್ಷ’ ಎಂಬ ಸಮಾಸವೇ ಅಸಂಬದ್ಧ. ಅದನ್ನು ಸರ್ಕಾರ ಬಳಸುತ್ತದೆ ಎಂಬುದು ಅದನ್ನು ಶುದ್ಧಗೊಳಿಸುವುದಿಲ್ಲ.

ಉತ್ತರ (ಶಿವಮೊಗ್ಗದಿಂದ)

ಬಿದಿರಿನ ಕಥೆ ಫಲಕ ಬರೆಯುವವರಿಗೆ ಬೇಕಿಲ್ಲ. ನಮ್ಮ ಮನೆಗಳಲ್ಲಿ ‘ತಲೆಮಾರು’ ಎಂಬ ಮಾತು ಇಂದಿಗೂ ಬದುಕಿದೆ, ತಮಿಳಿನಲ್ಲಿಯೂ ‘ತಲೈಮುರೈ’ ಎಂದಿದೆ. ಅದನ್ನು ಬಿಟ್ಟು ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವೇನು? ‘ತಲೆಮಾರು ಹುಡುಕಾಟ’ ಎಂದು ಬರೆಯಿರಿ. ಕರಪತ್ರದಲ್ಲಿಯೂ ದಾಖಲೆ, ಖಾತೆ, ವಾರಸುದಾರ, ನಕಲು ಇವೆಲ್ಲವನ್ನೂ ತೆಗೆದು ಕನ್ನಡದ ಪದಗಳನ್ನು ಹಾಕಿರಿ. ‘ಕಡತ’ ಎಂಬ ಒಳ್ಳೆಯ ಮಾತು ಇರುವಾಗ ‘ದಾಖಲೆ’ ಏಕೆ?

ಉತ್ತರ (ಹೊಸನಗರದಿಂದ)

ಇಬ್ಬರೂ ಫಲಕದ ಮುಂದೆಯೇ ನಿಂತಿದ್ದೀರಿ. ಅದನ್ನು ಓದಿ ಒಳಗೆ ಬಂದವರು ಯಾವ ಕಚೇರಿಯಲ್ಲಿ ಯಾವ ಕಾಗದವನ್ನು ಕೇಳಬೇಕು ಎಂಬುದರತ್ತ ಯಾರೂ ನೋಡಿಲ್ಲ. ಬಹುಕಾಲ ಕಂದಾಯದ ಕಾಗದಗಳ ನಡುವೆಯೇ ಕೆಲಸ ಮಾಡಿದವನಾಗಿ ಬರೆಯುತ್ತಿದ್ದೇನೆ.

ಹುಡುಕಾಟ ಆರಂಭವಾಗುವುದು ಮನೆಯ ಹಿರಿಯರ ಬಾಯಿಂದ ಮತ್ತು ಕೈಯಲ್ಲಿರುವ ಪಹಣಿಯಿಂದ, ಅಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆಯಿಂದ. ಪಹಣಿಯ 9ನೆಯ ಕಲಂನಲ್ಲಿ ಸ್ವಾಧೀನದಾರರ ಹೆಸರು ‘ತಿಮ್ಮಪ್ಪ ಬಿನ್ ಹುಚ್ಚಪ್ಪ’ ಎಂಬ ರೀತಿಯಲ್ಲಿರುತ್ತದೆ. ‘ಬಿನ್’ ಎಂದರೆ ಮಗ. ಆ ಒಂದು ಮಾತು ನಿಮಗೆ ಎರಡು ತಲೆಮಾರುಗಳನ್ನು ಕೊಟ್ಟಿತು. ಪಕ್ಕದ 10ನೆಯ ಕಲಂನಲ್ಲಿ ಜಮೀನು ಅವರಿಗೆ ಹೇಗೆ ಬಂತೆಂಬುದೂ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಹಕ್ಕು ಬದಲಾವಣೆಯ ಪುಸ್ತಕ) ಸಂಖ್ಯೆಯೂ ಇರುತ್ತವೆ. ಅದನ್ನು ಬರೆದುಕೊಂಡು ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ ನಕಲಿಗೆ ಅರ್ಜಿ ಕೊಡಬೇಕು. ‘ಪೌತಿ’ ಎಂದಿದ್ದರೆ ತೀರಿಕೊಂಡವರ ಹೆಸರೂ ವಾರಸುದಾರರ ಹೆಸರುಗಳೂ ಅಲ್ಲಿ ಸಿಗುತ್ತವೆ. ‘ವಿಭಾಗ’ ಎಂದಿದ್ದರೆ ಪಾಲು ಪಡೆದ ಅಣ್ಣತಮ್ಮಂದಿರು ಸಿಗುತ್ತಾರೆ. ‘ಕ್ರಯ’ ಎಂದಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕಾಗುತ್ತದೆ, ಅಲ್ಲಿ ಹೆಸರುಗಳ ಸೂಚಿಯೇ ಬೇರೆ, ಆಸ್ತಿಗಳ ಸೂಚಿಯೇ ಬೇರೆ.

‘ಬಿನ್’ ಅರಬ್ಬಿಯದು. ‘ಪೌತಿ’ಯ ಮೂಲವೂ ಸಾವು ಎಂಬ ಅರ್ಥದ ಅರಬ್ಬಿಯ ‘ಫೌತ್’. ಇವನ್ನು ಅಳಿಸಿ ಕರಪತ್ರದಲ್ಲಿ ‘ಸಾವಿನ ಬಳಿಕದ ಹಕ್ಕುಬದಲಿ’ ಎಂದು ಮುದ್ರಿಸಿದರೆ, ಅದನ್ನು ಹಿಡಿದು ಹೋದವರಿಗೆ ಗುಮಾಸ್ತರು ಯಾವ ಕಟ್ಟನ್ನು ಬಿಚ್ಚಿ ಕೊಡಬೇಕು? ಇನ್ನು ‘ಕಡತ’. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನಿಂದ ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕಕ್ಕೆ ಆ ಹೆಸರಿತ್ತು, ಶೃಂಗೇರಿ ಮಠದ ಕಡತಗಳು ಪ್ರಸಿದ್ಧವೇ ಆಗಿವೆ. ಇಂದಿನ ಕಚೇರಿಯಲ್ಲಿ ಕಡತ ಎಂದರೆ ಫೈಲು. ಹುಡುಕುವವರಿಗೆ ಬೇಕಾದದ್ದು ಎರಡೂ ಅಲ್ಲ.

ಕರಪತ್ರದಲ್ಲಿ ಪದಶುದ್ಧಿಗಿಂತ ಮುಖ್ಯವಾಗಿ ಸೇರಬೇಕಾದ ಕೆಲವು ಸಂಗತಿಗಳಿವೆ. ಮಲೆನಾಡಿನಲ್ಲಿ ಒಡೆಯರ ಹೆಸರನ್ನಷ್ಟೇ ನೋಡಿದರೆ ಉಳುವವರ ಮನೆತನ ಸಿಗುವುದಿಲ್ಲ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ನಿಮ್ಮದು. ಅಲ್ಲಿಯ ಗೇಣಿದಾರರ ಮೊಮ್ಮಕ್ಕಳು ತಮ್ಮ ಅಜ್ಜಂದಿರನ್ನು 12ನೆಯ ಕಲಂನ ಸಾಗುವಳಿದಾರರ ಸಾಲಿನಲ್ಲಿ ಹುಡುಕಬೇಕು, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಬಳಿಕ ಗೇಣಿ ಜಮೀನಿನ ಹಕ್ಕಿಗಾಗಿ ಭೂ ನ್ಯಾಯಮಂಡಳಿಗೆ ಸಲ್ಲಿಸಿದ 7ನೆಯ ನಮೂನೆಯ ಅರ್ಜಿಗಳಲ್ಲಿ ಹುಡುಕಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದು ಹೋದ ಮನೆಗಳವರ ಇಂದಿನ ಪಹಣಿಯನ್ನು ಹಿಂಬಾಲಿಸಿದರೆ ದಾರಿ ಪುನರ್ವಸತಿಯ ಊರಿನಲ್ಲಿಯೇ ನಿಂತುಬಿಡುತ್ತದೆ. ಮುಳುಗಡೆಯಾದ ಊರಿನ ಹೆಸರನ್ನೂ ಹೋಬಳಿಯನ್ನೂ ತಿಳಿದವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಲಿ. ಇದನ್ನು ಕರಪತ್ರದ ಮೊದಲ ಸಾಲಾಗಿ ಹಾಕಿದರೂ ತಪ್ಪಿಲ್ಲ. ಮನೆಯ ಹಳೆಯ ಪತ್ರಗಳಲ್ಲಿ ಬರೀ ‘ಕ್ರೋಧಿ ಸಂವತ್ಸರ’ ಎಂದಿದ್ದರೆ, ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಅದು 1904ರದೂ ಆಗಬಹುದು, 1964ರದೂ ಆಗಬಹುದು. ಶಕವರ್ಷವನ್ನೋ ಛಾಪಾ ಕಾಗದದ ಮುದ್ರೆಯನ್ನೋ ನೋಡಿಯೇ ನಿರ್ಧರಿಸಬೇಕು.

ಉತ್ತರ (ಶಿವಮೊಗ್ಗದಿಂದ)

ಇದು ಶರಣಾಗತಿಯ ವಾದ. ಕಚೇರಿಯ ಮಾತು ಜನರ ಮಾತಲ್ಲ. ಶಾನುಭೋಗಿಕೆ ರದ್ದಾಗಿ ಇಷ್ಟು ಕಾಲವಾದರೂ ಅದರ ಭಾಷೆಯನ್ನು ನಾವೇ ಪೋಷಿಸುತ್ತ ಕುಳಿತರೆ ಕನ್ನಡಕ್ಕೆ ಹೊಸ ಪದ ಹುಟ್ಟುವುದಾದರೂ ಎಂದು?

ಉತ್ತರ (ಹೊಸನಗರದಿಂದ)

ಪಹಣಿ ಎಂಬುದು ಜನರ ಮಾತಲ್ಲ ಎಂದು ಯಾವ ಅಡಿಕೆ ಬೆಳೆಗಾರರ ಎದುರಿಗಾದರೂ ಹೇಳಿ ನೋಡಿ. ಹೊಸ ಪದ ಹುಟ್ಟಲಿ, ಬೇಡವೆನ್ನುವುದಿಲ್ಲ. ಬರೆದಿಟ್ಟ ಹಳೆಯ ಕಾಗದದಲ್ಲಿ ಅದನ್ನು ಹಿಂದಿನಿಂದ ತುಂಬಲು ಬರುವುದಿಲ್ಲ.

ಉತ್ತರ (ಸೊರಬದಿಂದ)

ಎರವಲಿನ ಜಗಳದಲ್ಲಿ ಮೂಲ ಪ್ರಶ್ನೆ ಮರೆತುಹೋಗುತ್ತಿದೆ. ‘ವಂಶಾವಳಿ’ಗೆ ನನ್ನ ಆಕ್ಷೇಪ ಅದು ಸಂಸ್ಕೃತವೆಂಬುದಲ್ಲ, ಆ ಮಾತು ತಂದೆಯಿಂದ ಮಗನಿಗೆ ಇಳಿಯುವ ಒಂದೇ ಗೆರೆಯನ್ನು ಓದುವವರ ಮನಸ್ಸಿಗೆ ತರುತ್ತದೆ ಎಂಬುದು. ನಮ್ಮ ಸೀಮೆಯ ದೀವರ ಸಮುದಾಯದಲ್ಲಿ ‘ಬಳಿ’ ಎಂಬ ಕುಲದ ಗುರುತು ತಾಯಿಯಿಂದ ಮಕ್ಕಳಿಗೆ ಬರುವಂಥದು. ಅಂಥ ಮನೆಯವರು ನಿಮ್ಮ ಮೇಜಿನ ಹತ್ತಿರ ಬಂದಾಗ ಮೊದಲು ಕೇಳಬೇಕಾದದ್ದು ಬಳಿ ಯಾವುದೆಂದು, ಬಿನ್ ಯಾರೆಂದು ಅಲ್ಲ.

ಪಹಣಿಯಾದರೋ ಹೆಣ್ಣುಮಕ್ಕಳನ್ನು ‘ಕೋಂ’ ಎಂದು ಗಂಡನ ಹೆಸರಿನ ಜೊತೆಗೆ ಬರೆದು ಮುಗಿಸುತ್ತದೆ, ತವರು ಅಲ್ಲಿಯೇ ಅಳಿಸಿಹೋಗುತ್ತದೆ. ಅಜ್ಜಿಯ ತವರು ಬೇಕಾದರೆ ದಾನಪತ್ರ, ಪಾಲುಪಟ್ಟಿ ಮತ್ತು ಮನೆಯಲ್ಲಿ ಉಳಿದಿರುವ ಲಗ್ನಪತ್ರಿಕೆಗಳನ್ನು ನೋಡಬೇಕು. ಕ್ರೈಸ್ತ ಕುಟುಂಬಗಳವರಿಗೆ ಇಗರ್ಜಿಯ (ಚರ್ಚಿನ) ಜ್ಞಾನಸ್ನಾನದ ಪುಸ್ತಕ ಹೆಚ್ಚು ನೆರವಾದೀತು, ಅದರಲ್ಲಿ ತಾಯಿಯ ಹೆಸರೂ ಇರುತ್ತದೆ. ಆದ್ದರಿಂದ ಫಲಕದಲ್ಲಿ ವಂಶ ಬೇಡ. ‘ಮನೆತನ’ ಎನ್ನಿರಿ, ‘ಹಿಂದಿನವರು’ ಎನ್ನಿರಿ. ಈ ಎರಡರಲ್ಲಿ ತಾಯಿಯ ಕಡೆಯವರಿಗೂ ಜಾಗವಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸೊರಬದವರ ಮಾತನ್ನು ಒಪ್ಪಿ ಫಲಕಕ್ಕೆ ‘ನಿಮ್ಮ ಮನೆತನದ ಹಿಂದಿನವರನ್ನು ದಾಖಲೆಗಳಲ್ಲಿ ಹುಡುಕಲು ನೆರವು’ ಎಂಬ ಸಾಲನ್ನು ಕೊಡುತ್ತಿದ್ದೇವೆ. ಉದ್ದವಾಯಿತು ಎನ್ನುವವರಿದ್ದಾರೆ, ಆದರೆ ನಾಡಕಚೇರಿಯ ಪತ್ರದೊಂದಿಗೆ ಇದನ್ನು ಯಾರೂ ಗೊಂದಲ ಮಾಡಿಕೊಳ್ಳಲಾರರು. ಕರಪತ್ರದಲ್ಲಿ ವಿವರಣೆಯುದ್ದಕ್ಕೂ ‘ತಲೆಮಾರು’ ಎಂದೇ ಬರೆಯುತ್ತೇವೆ. ಪಹಣಿ, ಪೌತಿ, ಬಿನ್, ಕೋಂ, ಎಂ.ಆರ್. ಇವನ್ನು ಕಾಗದದಲ್ಲಿರುವಂತೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಪಕ್ಕದಲ್ಲಿ ಅರ್ಥ ಕೊಡುತ್ತೇವೆ. ‘ಕೋಂ’ ಎಂಬುದರ ಮೂಲವನ್ನು ಬಲ್ಲವರು ಸೋಮವಾರದೊಳಗೆ ತಿಳಿಸಿದರೆ ಅದೂ ಸೇರುತ್ತದೆ.