ಅಪ್‌ಡೇಟ್: ವಿ-ಕ್ರಾಸ್‌ಗೆ ಕ್ಯಾಂಪರ್, ಹಿಂದಿನ ಸಸ್ಪೆನ್ಷನ್ ಕೆಲಸ ಮುಗೀತು

ಕ್ಯಾಂಪರ್ (ಹಿಂದೆ ಕೂರಿಸೋ, ಒಳಗೆ ಮಲಗಬಹುದಾದ ಪುಟ್ಟ ಮನೆ ಥರದ್ದು) ಕೂರಿಸಿದ್ರೆ ನನ್ನ ಇಸುಝು ವಿ-ಕ್ರಾಸ್ ಪಿಕಪ್ ಹಿಂದೆ ಕುಗ್ಗುತ್ತೆ, ಎಕ್ಸ್‌ಟ್ರಾ ಲೀಫ್ (ಹಿಂದಿನ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ) ಹಾಕಿಸ್ಲಾ, ಇಲ್ಲ ಸ್ಪ್ರಿಂಗ್‌ಗೆ ಆಸರೆಯಾಗೋ ಗಾಳಿ ತುಂಬೋ ಏರ್ ಬ್ಯಾಗಾ ಅಂತ ಹಿಂದೆ ಕೇಳಿದ್ನಲ್ಲ, ಮೊದಲು ತೂಕ ಹಾಕ್ಸಿ ಅಂದವ್ರಿಗೆ ತುಂಬಾ ಥ್ಯಾಂಕ್ಸ್. ಯಶವಂತಪುರದ ಕಡೆ ವೇಬ್ರಿಡ್ಜಲ್ಲಿ ನೀರಿನ ಟ್ಯಾಂಕ್ ಫುಲ್ ಮಾಡಿ, ಮನೆಯವರನ್ನೂ ಕೂರಿಸ್ಕೊಂಡು, ಇಡೀ ಗಾಡಿ ಒಂದ್ಸಲ, ಹಿಂದಿನ ಆಕ್ಸಲ್ ಮಾತ್ರ ಇನ್ನೊಂದ್ಸಲ ತೂಗಿಸ್ದೆ, ಲಿಮಿಟ್ ಒಳಗೇ ಇದೆ. ಇದನ್ನ ಬಿಡ್ಲೇಬೇಡಿ, ಸ್ಪ್ರಿಂಗ್ ಎಷ್ಟೇ ಗಟ್ಟಿ ಮಾಡ್ಸಿದ್ರೂ ಆಕ್ಸಲ್, ಬ್ರೇಕ್, ಟೈರ್ ಅವೇ ತಾನೇ, ಗಾಡಿ ಹೊರೋ ತೂಕ ಜಾಸ್ತಿ ಆಗಲ್ಲ.

ಕೊನೆಗೆ ಲೀಫ್ ಹಾಗೇ ಬಿಟ್ಟು ಏರ್ ಬ್ಯಾಗ್ ಹಾಕಿಸ್ದೆ. ಪಟ್ಟಿ ಸೇರ್ಸಿದ್ರೆ ಕ್ಯಾಂಪರ್ ಇಳಿಸಿದ ಮೇಲೆ ನಮ್ಮ ಬೆಂಗಳೂರಿನ ಹಂಪ್‌ಗಳಲ್ಲಿ ಸೊಂಟ ಹೋಗುತ್ತೆ, ಇದ್ರಲ್ಲಾದ್ರೆ ಖಾಲಿ ಇದ್ದಾಗ ಗಾಳಿ ಕಮ್ಮಿ ಮಾಡ್ಬಹುದು, ಆದ್ರೆ ಪೂರ್ತಿ ಬಿಡ್ಬಾರ್ದು, ಬ್ಯಾಗ್ ಮಡಚ್ಕೊಂಡು ಹಾಳಾಗುತ್ತೆ. ಎರಡೂ ಕಡೆಗೆ ಬೇರೆ ಬೇರೆ ವಾಲ್ವ್ ಇಡ್ಸಿ, ನಂದ್ರಲ್ಲಿ ಫ್ರಿಡ್ಜ್, ಬ್ಯಾಟರಿ ಎಲ್ಲಾ ಎಡಗಡೆ ಇರೋದ್ರಿಂದ ಅಲ್ಲಿ ಗಾಳಿ ಸ್ವಲ್ಪ ಜಾಸ್ತಿ ಬೇಕು, ಜೊತೆಗೆ ಒಂದೇ ಪೈಪ್ ಇದ್ರೆ ತಿರುವಲ್ಲಿ ಗಾಳಿ ಆ ಕಡೆಯಿಂದ ಈ ಕಡೆ ಓಡಿ ಗಾಡಿ ಇನ್ನೂ ವಾಲುತ್ತೆ.

ಹಿಂದೆ ಎದ್ದು ಗಾಡಿ ಸಮ ಆಗಿದ್ದಕ್ಕೆ ಶಿರಾಡಿ ಘಾಟಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ನಿಂತ್ಕೊಳ್ತು, ಎದುರಿನವ್ರೂ ಹೆಡ್‌ಲೈಟ್ ಕಣ್ಣಿಗೆ ಹೊಡೀತಿದೆ ಅಂತ ಡಿಮ್ ಡಿಪ್ ಮಾಡೋದು ನಿಲ್ಸಿದ್ರು. ಶಾಕ್ ಅಬ್ಸಾರ್ಬರ್ ಇನ್ನೂ ಹಳೇದೇ, ದೊಡ್ಡ ಗುಂಡಿ ಆದ್ಮೇಲೆ ಸ್ವಲ್ಪ ತೂಗಾಡುತ್ತೆ, ಅದು ಮುಂದಿನ ಕೆಲಸ.