ಪದಚರ್ಚೆ: ‘ಮೆರಿಟ್’ಗೆ ‘ಪ್ರತಿಭೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಅರ್ಥಶಾಸ್ತ್ರದ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಒಳ್ಳೆಯ ಓದು ಕೆಲವರ ಕೈಯಲ್ಲೇ ಉಳಿದರೆ ಒಳ್ಳೆಯ ಕೆಲಸವೂ ಅವರಿಗೇ ಹೇಗೆ ದಕ್ಕುತ್ತದೆ, ಅದರಿಂದ ನಾಡಿನ ಬೆಳವಣಿಗೆಗೆ ಏನು ನಷ್ಟ ಅನ್ನುವುದು ವಿಷಯ. ಹೆಜ್ಜೆಹೆಜ್ಜೆಗೂ ‘ಮೆರಿಟ್’ ಪದ ಎದುರಾಗುತ್ತಿದೆ. ಬರವಣಿಗೆಯಲ್ಲಿ ಇದಕ್ಕೆ ಜಾಸ್ತಿ ಕಾಣುವುದು ‘ಪ್ರತಿಭೆ’. ನನಗೆ ಅದು ಸರಿ ಅನ್ನಿಸುತ್ತಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಅಂತ ಮೂರು ಬೇರೆ ಬೇರೆ ಮಾತುಗಳಿವೆ. ಪ್ರತಿಭೆ ಹುಟ್ಟಿನಿಂದ ಬರುವ ಹೊಳಹು. ವ್ಯುತ್ಪತ್ತಿ ಓದಿನಿಂದ ಬಂದದ್ದು. ಅಭ್ಯಾಸ ಮತ್ತೆ ಮತ್ತೆ ಮಾಡಿ ಗಳಿಸಿದ್ದು. ಪರೀಕ್ಷೆಯ ಅಂಕ ಬಹುಮಟ್ಟಿಗೆ ಅಳೆಯುವುದು ಕೊನೆಯ ಎರಡನ್ನು. ಆ ಎರಡಕ್ಕೂ ದುಡ್ಡು ಬೇಕು, ಬಿಡುವು ಬೇಕು. ಎಲ್ಲವನ್ನೂ ‘ಪ್ರತಿಭೆ’ ಎಂದುಬಿಟ್ಟರೆ, ಮನೆಯವರು ಕೊಟ್ಟ ಅನುಕೂಲ ಮಗುವಿನ ಹುಟ್ಟುಗುಣ ಆಗಿಬಿಡುತ್ತದೆ.

ಬೆಂಗಳೂರಿನ ಬಳಕೆ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಮೇಲೆ ಬಡಾವಣೆ ಬಡಾವಣೆಯಲ್ಲೂ ‘ಪ್ರತಿಭಾ ಪುರಸ್ಕಾರ’ದ ಬ್ಯಾನರು. ಹನುಮಂತನಗರದಲ್ಲಿ ನನ್ನ ಕೈಗೆ ಬಂದ ಕರಪತ್ರದಲ್ಲಿ ಹೀಗಿತ್ತು: ಶೇ. 90ಕ್ಕಿಂತ ಹೆಚ್ಚು ಅಂಕ ಪಡೆದವರು ಅಂಕಪಟ್ಟಿಯ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ತಂದು ಹೆಸರು ಬರೆಸಬೇಕು. ಮಕ್ಕಳ ಬೆನ್ನು ತಟ್ಟುವುದು ಒಳ್ಳೆಯ ಕೆಲಸವೇ. ಆದರೆ 89 ಬಂದ ಹುಡುಗಿಗೆ ಪ್ರತಿಭೆ ಇಲ್ಲ ಅಂತಾಯ್ತು ಅಲ್ವಾ? ಬೆಳಿಗ್ಗೆ ತಮ್ಮನಿಗೆ ಅನ್ನ ಮಾಡಿಟ್ಟು, ಎರಡು ಬಸ್ಸು ಹತ್ತಿಳಿದು ಶಾಲೆ ಸೇರಿ, ಟ್ಯೂಷನ್ನಿಲ್ಲದೆ 78 ತೆಗೆದವಳಲ್ಲಿ ಇರುವುದಕ್ಕೆ ಏನನ್ನೋಣ? ನಾಡು ಕಳೆದುಕೊಳ್ಳುವುದು ಇಂಥವರ ದುಡಿಮೆಯನ್ನೇ.

ಇನ್ನೊಂದು ಕಡೆ, ಕಾಲೇಜು ಸೀಟಿನ ವಿಷಯದಲ್ಲಿ ಜನರ ಮಾತು ತುಂಬ ಖಚಿತ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1984ರಲ್ಲೇ ಬಂತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟನ್ನು ಅರ್ಧ ಫ್ರೀ (ಸರ್ಕಾರಿ ಶುಲ್ಕದವು), ಅರ್ಧ ಪೇಮೆಂಟ್ (ಹೆಚ್ಚು ಶುಲ್ಕದವು) ಎಂದು ಹಂಚಿತು. 1994ರಿಂದ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ. ಮೆರಿಟ್ ಸೀಟು, ಪೇಮೆಂಟ್ ಸೀಟು, ಮ್ಯಾನೇಜ್‌ಮೆಂಟ್ ಸೀಟು ಅನ್ನುತ್ತೇವೆ. ‘ಪ್ರತಿಭಾ ಸೀಟು’ ಅಂದವರನ್ನು ನಾನು ಕೇಳಿಲ್ಲ. ಇಲ್ಲಿ ಮೆರಿಟ್ ಎಂದರೆ ರ‍್ಯಾಂಕಿನಿಂದ ಸಿಕ್ಕಿದ್ದು, ಅಷ್ಟೇ.

ಮೈಸೂರು ಸಂಸ್ಥಾನದಲ್ಲಿ ಹೆಚ್ಚುಕಮ್ಮಿ ಇದೇ ಮೆರಿಟ್ ವಾದ ಸರ್ಕಾರಿ ಹುದ್ದೆಗಳ ವಿಷಯದಲ್ಲಿ ‘ದಕ್ಷತೆ’ಯ ಹೆಸರಿನಲ್ಲಿ ನಡೆದಿತ್ತು. ಇಂಗ್ಲಿಷ್ ಓದು ಮೊದಲು ದಕ್ಕಿದ್ದು ಬ್ರಾಹ್ಮಣರಿಗೆ. ಮೇಲಿನ ಹುದ್ದೆಗಳಲ್ಲಿ ಬಹುಪಾಲು ಅವರೇ ಇದ್ದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಜಾತಿಯ ಲೆಕ್ಕದ ನೇಮಕ ಒಪ್ಪಿಗೆಯಿರಲಿಲ್ಲ. ಸಮಿತಿಯ ವರದಿ ಬರುವ ಮೊದಲೇ ಅವರು ಹುದ್ದೆ ಬಿಟ್ಟಿದ್ದರು. ಓದನ್ನು ಹರಡಲು ಅವರು ದುಡಿದದ್ದೂ ನಿಜ: 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ, 1916ರ ಮೈಸೂರು ವಿಶ್ವವಿದ್ಯಾಲಯ ಅವರ ಕಾಲದವು. ಆದರೂ ದಕ್ಷತೆಯನ್ನು ಅಳೆಯುವ ಕೋಲು ಆಗಲೇ ಓದಿದವರ ಕೈಯಲ್ಲಿತ್ತು ಅನ್ನುವುದನ್ನು ಮರೆಯಲಾಗದು.

ಬೇರೆ ಪದಗಳು? ‘ಅರ್ಹತೆ’ ಹತ್ತಿರ ಬರುತ್ತದೆ. ಆದರೆ ‘ಕನಿಷ್ಠ ಅರ್ಹತೆ’, ‘ವಿದ್ಯಾರ್ಹತೆ’ ಅಂದಾಗ ಅದು ಬರೀ ಹೊಸ್ತಿಲು. ಯಾರು ಮುಂದೆ, ಯಾರು ಹಿಂದೆ ಅನ್ನುವ ಅರ್ಥ ಅದರಲ್ಲಿಲ್ಲ. ‘ಯೋಗ್ಯತೆ’ ಬೈಗುಳಕ್ಕೆ ಬಿದ್ದಿದೆ. ‘ನಿನ್ನ ಯೋಗ್ಯತೆಗಿಷ್ಟು’ ಅನ್ನದ ಮನೆ ಯಾವುದಿದೆ? ಸುಮ್ನೆ ‘ಮೆರಿಟ್’ ಅಂತಲೇ ಬಿಡಬಹುದು, ಎಲ್ಲರಿಗೂ ಗೊತ್ತಿರುವ ಪದ. ಹಣಬಲ, ಜನಬಲ, ತೋಳ್ಬಲದ ಸಾಲಿನಲ್ಲಿ ‘ಅಂಕಬಲ’ ಅಂದರೆ ಹೇಗೆ? ಅಂಕವೂ ಒಂದು ಅಧಿಕಾರ ಅನ್ನುವುದು ಅದರಲ್ಲಿ ನೇರವಾಗಿ ಕೇಳಿಸುತ್ತದೆ.

ನನಗೆ ಸದ್ಯ ಬೇಕಾಗಿರುವ ವಾಕ್ಯ ಇದು: ‘ಉಳ್ಳವರ ಮಕ್ಕಳಿಗೆ ಸಿಕ್ಕ ಅನುಕೂಲವೇ ಮುಂದೆ ಅವರ ಮೆರಿಟ್ ಎನಿಸಿಕೊಳ್ಳುತ್ತದೆ.’ ಇಲ್ಲಿ ‘ಅಂಕಬಲ’ ಕೂರುತ್ತದೆಯೇ, ‘ಅರ್ಹತೆ’ ಸಾಕೇ? ಧಾರವಾಡ, ಮಂಗಳೂರು ಕಡೆಯವರು ಮಾತಿನಲ್ಲಿ ಬೇರೆ ಏನಾದರೂ ಬಳಸುತ್ತಿದ್ದರೆ ದಯವಿಟ್ಟು ಒಂದು ಉದಾಹರಣೆ ವಾಕ್ಯದ ಜೊತೆ ತಿಳಿಸಿ.