ಒಂದೇ ಕನೆಕ್ಟರ್‌ನಲ್ಲಿ ಫೈಬರ್ ಮತ್ತು ಪಿನ್: ಬೆಳಕು ಕಡಿಮೆಯಾಗುತ್ತಿದೆ, ಒದ್ದೆಯಾದರೆ ಕರೆಂಟ್ ಲೀಕೇಜ್ ಏರುತ್ತಿದೆ [ಪರಿಹಾರ ಸಿಕ್ಕಿದೆ]

ಬೆಳಕಿನೆಳೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ನಾಲ್ಕು ಜನರ ತಂಡ. ಹೃದಯದೊಳಗೆ ಹೋಗುವ ಕ್ಯಾಥಿಟರ್ (ತೆಳುವಾದ ಕೊಳವೆ) ಒಂದರ ಮಾದರಿ ಮಾಡುತ್ತಿದ್ದೇವೆ. ತುದಿ ಹೃದಯದ ಗೋಡೆಯನ್ನು ಎಷ್ಟು ಒತ್ತುತ್ತಿದೆ ಎಂದು ಫೈಬರ್ ಬ್ರ್ಯಾಗ್ ಗ್ರೇಟಿಂಗ್ (ಗಾಜಿನ ಎಳೆಯೊಳಗೇ ಇರುವ, ಬೆಳಕಿನಿಂದ ಅಳೆಯುವ ಸೆನ್ಸರ್) ಹೇಳುತ್ತದೆ. ಇಸಿಜಿ ಸಿಗ್ನಲ್‌ಗೆ ಎಲೆಕ್ಟ್ರೋಡ್ ತಂತಿಗಳಿವೆ. ಎರಡೂ ಒಂದೇ ಕನೆಕ್ಟರ್‌ಗೆ ಬರುತ್ತವೆ: ನಡುವೆ ಸಿಂಗಲ್ ಮೋಡ್ ಫೈಬರ್‌ನ 1.25 ಮಿಮೀ ಜಿರ್ಕೋನಿಯಾ ಫೆರುಲ್ (ಫೈಬರ್‌ನ ತುದಿ ಹಿಡಿಯುವ ಸೆರಾಮಿಕ್ ಕೊಳವೆ), ಸುತ್ತ 10 ಪಿನ್. ಇನ್ನೂ ಟೇಬಲ್ ಮೇಲಿನ ಪರೀಕ್ಷೆಯಷ್ಟೇ, ಯಾರ ಮೇಲೂ ಬಳಸಿಲ್ಲ.

ತೊಂದರೆ ಎರಡು. ಹೊಸದರಲ್ಲಿ ಫೈಬರ್ ಜಾಯಿಂಟ್‌ನಲ್ಲಿ ಬೆಳಕಿನ ಲಾಸ್ 0.4 ಡಿಬಿ (ಡೆಸಿಬೆಲ್) ಇತ್ತು. 30 ಸಲ ಹಾಕಿ ತೆಗೆದ ಮೇಲೆ 2 ಡಿಬಿ ಆಯಿತು. ಕೇಬಲ್ ಅಲ್ಲಾಡಿಸಿದರೆ ರೀಡಿಂಗ್ ಕುಣಿಯುತ್ತದೆ.

ಎರಡನೆಯದು ಹೆಚ್ಚು ಹೆದರಿಸಿದೆ. ನಮ್ಮದು ಸಿಎಫ್ ವರ್ಗ, ಅಂದರೆ ಹೃದಯಕ್ಕೆ ನೇರ ತಾಗುವ ಉಪಕರಣಗಳ ಅತಿ ಕಟ್ಟುನಿಟ್ಟಿನ ವರ್ಗ. ಎಲೆಕ್ಟ್ರೋಡ್‌ಗೆ ಹೊರಗಿನಿಂದ ಮೇನ್ಸ್ ವೋಲ್ಟೇಜ್ ಕೊಟ್ಟು ಲೀಕೇಜ್ ಅಳೆದರೆ, ಒಣಗಿದ್ದಾಗ 22 ಮೈಕ್ರೋಆಂಪ್. ಸಲೈನ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಜೋಡಿಸಿದರೆ 180. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1ರ ಮಿತಿ 50. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದುಕೊಂಡು ಪಿನ್‌ಗಳ ನಡುವೆಯೇ ಎರಡು ವಾರ ಹುಡುಕಿದೆವು.

ಪೀಣ್ಯ_ಲೇತ್:
ಫೆರುಲ್ ಮತ್ತು ಪಿನ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಇನ್ಸರ್ಟ್‌ಗೆ (ಕನೆಕ್ಟರ್ ಒಳಗೆ ಕೂರುವ ತುಂಡು) ಅಂಟಿಸಿದ್ದೀರಾ? ಫೆರುಲ್‌ನ ಮುಖವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಿರಾ? ನೋಡುವ ಮೊದಲು ಫೈಬರ್‌ಗೆ ಬೆಳಕು ಕೊಡುವ ಲೇಸರ್ ಆಫ್ ಮಾಡಿ. 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಬೆಳಕಿನೆಳೆ:
ಹೌದು ಸರ್, ಎಪಾಕ್ಸಿ ಹಾಕಿ ಕೂರಿಸಿದ್ದೇವೆ. ಈಗ ನೋಡಿದೆ. ಕೋರ್‌ನ (ಬೆಳಕು ಹರಿಯುವ ನಡುಭಾಗ) ಪಕ್ಕದಲ್ಲೇ ಜಿಡ್ಡಿನ ಉಂಗುರ, ಅದರೊಳಗೆ ಹಳದಿಯಾಗಿ ಹೊಳೆಯುವ ಎರಡು ಕಣ.

ಪೀಣ್ಯ_ಲೇತ್:
ಆ ಹಳದಿ ಕಣ ಪಿನ್‌ನ ಚಿನ್ನದ ಲೇಪ. ಜಿಡ್ಡು ಪಿನ್‌ಗೆ ಹಚ್ಚಿದ ಗ್ರೀಸ್ ಇರಬೇಕು. ಪಿನ್ ಒಂದಕ್ಕೊಂದು ಉಜ್ಜಿಕೊಂಡರೇನೇ ಒಳ್ಳೆಯ ಕಾಂಟ್ಯಾಕ್ಟ್. ಫೈಬರ್‌ಗೆ ಉಜ್ಜುವಿಕೆಯೇ ಶತ್ರು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಹೀಗೇ ಆಗುವುದು. ಫೆರುಲ್ ಸುತ್ತ ಒಂದು ಗೋಡೆ ಎಬ್ಬಿಸಿ. ಗ್ರೀಸ್ ಹಚ್ಚುವುದನ್ನು ನಿಲ್ಲಿಸಿ.

ಇನ್ನು ಅಲ್ಲಾಟ. ಸಿಂಗಲ್ ಮೋಡ್ ಫೈಬರ್‌ನ ಕೋರ್ ಸುಮಾರು 9 ಮೈಕ್ರಾನ್. 1 ಮೈಕ್ರಾನ್ ಪಕ್ಕಕ್ಕೆ ಸರಿದರೆ ಲಾಸ್ ಸುಮಾರು 0.16 ಡಿಬಿ, 3 ಮೈಕ್ರಾನ್ ಸರಿದರೆ ಸುಮಾರು 1.4. ಹತ್ತು ಪಿನ್ ಎಳೆದಾಡುವ ಇನ್ಸರ್ಟ್‌ಗೆ ಫೆರುಲ್ ಅಂಟಿಕೊಂಡಿದ್ದರೆ ಅಷ್ಟು ಸರಿಯುವುದು ಏನೂ ದೊಡ್ಡದಲ್ಲ. ಫೆರುಲ್ ತೇಲುತ್ತಿರಬೇಕು. ಹಿಂದೆ ಸ್ಪ್ರಿಂಗ್ ಕೊಡಿ, ಮುಂದೆ ಜಿರ್ಕೋನಿಯಾದ ಸೀಳು ಸ್ಲೀವ್ ಹಾಕಿ. ನೇರ ಮಾಡುವ ಕೆಲಸ ಆ ಸ್ಲೀವ್‌ನದು, ಇನ್ಸರ್ಟ್‌ನದಲ್ಲ. 8 ಡಿಗ್ರಿ ಓರೆಯ ಎಪಿಸಿ ಮುಖವಾದರೆ ಫೆರುಲ್ ತಿರುಗದಂತೆ ಒಂದು ಕೀ ಬೇಕು.

ಮಾಪಕಿ:
ಲೀಕೇಜ್ ಬಗ್ಗೆ ನನ್ನದೊಂದು ಅನುಮಾನ. ಗಾಜು ಸರಿ, ಜಿರ್ಕೋನಿಯಾನೂ ಸರಿ. ಫೆರುಲ್‌ನ ಬುಡದ ಕಾಲರ್ ಯಾವುದರದ್ದು? ಯಂತ್ರದ ಕಡೆಯ ಫೈಬರ್‌ಗೆ ಸ್ಟೀಲ್ ಕವಚ ಇದೆಯಾ? ಪಿನ್‌ಗಳನ್ನು ಹಾಗೇ ಬಿಟ್ಟು, ಫೆರುಲ್ ಭಾಗವನ್ನು ಮಾತ್ರ ಹೊರಗೆ ತೆಗೆದು, ಒದ್ದೆ ಮಾಡಿ ಅಳೆಯಿರಿ.

ಬೆಳಕಿನೆಳೆ:
ಮೇಡಂ, 24 ಮೈಕ್ರೋಆಂಪ್ ಬಂತು! ಕಾಲರ್ ಸ್ಟೀಲ್. ಕವಚವೂ ಸ್ಟೀಲ್, ಅದರ ಇನ್ನೊಂದು ತುದಿ ಅರ್ಥ್ ಆದ ಚಾಸಿಗೆ ಸೇರಿದೆ. ಪಿನ್‌ನಿಂದ ಕಾಲರ್‌ಗೆ ವರ್ನಿಯರ್ ಇಟ್ಟು ನೋಡಿದರೆ 1.2 ಮಿಮೀ ಅಷ್ಟೇ.

ಮಾಪಕಿ:
ಅದೇ ದಾರಿ. ಸಲೈನ್‌ನ ತೆಳು ಪದರ ಆ 1.2 ಮಿಮೀ ದಾಟಲು ಸಾಕು. ಹೃದಯಕ್ಕೆ ನೇರ ತಾಗುವ ತಂತಿ ಇದು, ಸ್ವಲ್ಪವೂ ಸಡಿಲ ಬಿಡಬೇಡಿ.

250 ವೋಲ್ಟ್‌ಗೆ ರೋಗಿಯ ರಕ್ಷಣೆಯ ಎರಡು ಹಂತ (ಒಂದು ಕೈಕೊಟ್ಟರೂ ಇನ್ನೊಂದು ಕಾಯುವಂತೆ) ಬೇಕಾದರೆ, ಪಿನ್‌ಗೂ ಅರ್ಥ್ ಆದ ಲೋಹಕ್ಕೂ ನಡುವೆ ಮೇಲ್ಮೈ ಉದ್ದಕ್ಕೂ 8 ಮಿಮೀ, ಗಾಳಿಯಲ್ಲಿ 5 ಮಿಮೀ ಅಂತರ ಇರಬೇಕು. ಸಣ್ಣ ಕನೆಕ್ಟರ್‌ನಲ್ಲಿ ಅಷ್ಟು ಜಾಗ ಸುಮ್ನೆ ಸಿಗಲ್ಲ. ಕಾಲರ್ ಅನ್ನು ಪೀಕ್ ಪ್ಲಾಸ್ಟಿಕ್‌ನಲ್ಲಿ ಮಾಡಿಸಿ. ಸ್ಟೀಲ್ ಕವಚವನ್ನು ಕನೆಕ್ಟರ್‌ಗಿಂತ ಹಿಂದೆಯೇ ನಿಲ್ಲಿಸಿ, ಅಲ್ಲಿಂದ ಮುಂದೆ ಅರಾಮಿಡ್ ನೂಲು (ಕರೆಂಟ್ ಹರಿಯದ ಗಟ್ಟಿ ನೂಲು) ಸಾಕು. ಫೆರುಲ್ ಸುತ್ತಲಿನ ಗೋಡೆಯನ್ನು ಎತ್ತರ ಮಾಡಿದರೆ ಮೇಲ್ಮೈ ದಾರಿಯೂ ಉದ್ದವಾಗುತ್ತದೆ. ಹೊಸ ಸ್ಪ್ರಿಂಗ್ ಕೂಡ ಲೋಹ, ಮರೆಯಬೇಡಿ. ಅದು ಪೀಕ್‌ನ ಹಿಂದೆ, ಯಾವುದಕ್ಕೂ ಮುಟ್ಟದೆ ಇರಲಿ.

ಜೋಡಣೆಯ ಸರದಿಯನ್ನೂ ಈಗಲೇ ನೋಡಿ. ಮೊದಲು ಹೊರಗಿನ ಶೆಲ್, ಆಮೇಲೆ ಸ್ಲೀವ್, ಆಮೇಲೆ ಪಿನ್. ಲೇಸರ್ ಇಂಟರ್‌ಲಾಕ್‌ನ ಪಿನ್ ಎಲ್ಲಕ್ಕಿಂತ ಗಿಡ್ಡ ಇರಲಿ. ಕೊನೆಗೆ ಮುಟ್ಟುತ್ತದೆ, ತೆಗೆಯುವಾಗ ಮೊದಲು ಬಿಡುತ್ತದೆ, ಫೈಬರ್ ಬಿಚ್ಚುವ ಮೊದಲೇ ಲೇಸರ್ ನಿಲ್ಲುತ್ತದೆ. ಆ ಸರ್ಕ್ಯೂಟ್ ರೋಗಿಯ ಕಡೆಯ ಐಸೊಲೇಟೆಡ್ (ಮೇನ್ಸ್, ಅರ್ಥ್ ಎರಡರಿಂದಲೂ ಬೇರ್ಪಟ್ಟ) ಸಪ್ಲೈಯಲ್ಲೇ ಇರಬೇಕು. ಇಲ್ಲದಿದ್ದರೆ ಈಗ ಮುಚ್ಚಿದ ದಾರಿ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ.

ಬೆಳಕಿನೆಳೆ (ಐದು ವಾರದ ನಂತರ):
ಪೀಕ್ ಕಾಲರ್, ಸ್ಪ್ರಿಂಗ್, ಸ್ಲೀವ್, ಗೋಡೆ ಎಲ್ಲ ಹಾಕಿ ಹೊಸ ಮಾದರಿ ಮಾಡಿದೆವು. 100 ಸಲ ಹಾಕಿ ತೆಗೆದ ಮೇಲೂ ಲಾಸ್ 0.5 ಡಿಬಿ ದಾಟಿಲ್ಲ. ಕೇಬಲ್ ಅಲ್ಲಾಡಿಸಿದರೆ ರೀಡಿಂಗ್ ನಿಂತಲ್ಲೇ ನಿಲ್ಲುತ್ತದೆ. ಸಲೈನ್ ಹಚ್ಚಿ ಅಳೆದರೆ 26 ಮೈಕ್ರೋಆಂಪ್. ಗಿಡ್ಡ ಪಿನ್‌ನ ಮೊದಲ ಅಳತೆ ಜಾಸ್ತಿ ಉದ್ದವಾಗಿತ್ತು, ಇಂಟರ್‌ಲಾಕ್ ತಡವಾಗಿ ಬಿಡುತ್ತಿತ್ತು. 0.8 ಮಿಮೀ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಇಬ್ಬರಿಗೂ ಮನಸಾರೆ ಧನ್ಯವಾದ. ಮುಂದಿನ ವಾರ ಎಥಿಲೀನ್ ಆಕ್ಸೈಡ್ ಸ್ಟೆರಿಲೈಸೇಷನ್‌ಗೆ ಕಳಿಸುತ್ತೇವೆ. ಬಂದ ಮೇಲೆ ಇದೇ ಎರಡು ಅಳತೆ ಮತ್ತೆ ತೆಗೆದು ಇಲ್ಲಿ ಹಾಕುತ್ತೇನೆ.